ಕಾರ್ಡಿನಲ್ಲಿ ಸತ್ತ ಮರಿಗಳು

ಹಂದಿಗೆ ಹದಿನಾಲ್ಕು ಮೊಲೆ. ಹಡೆಯುವುದು ಹದಿನೇಳನ್ನೋ ಹದಿನೆಂಟನ್ನೋ. ಈ ಲೆಕ್ಕ ಎಂದೂ ಸರಿಹೋಗದಿದ್ದುದರಿಂದಲೇ ಸೂಲಗಿತ್ತಿಗೆ ಇಪ್ಪತ್ತೇಳು ವರ್ಷ ಕೈತುಂಬ ಕೆಲಸವಿತ್ತು.

ಹಂದಿ ಫಾರಮ್ಮಿನಲ್ಲಿ ಎಲ್ಲರಿಗೂ ಆಕೆ ಸೂಲಗಿತ್ತಿ. ಮೊದಲು ಆ ಕೆಲಸ ಆಕೆಯ ಅತ್ತೆಯದಾಗಿತ್ತು. ಆಗ ಅತ್ತೆ ದೊಡ್ಡ ಸೂಲಗಿತ್ತಿ, ಈಕೆ ಚಿಕ್ಕ ಸೂಲಗಿತ್ತಿ. ಅತ್ತೆ ತೀರಿಕೊಂಡ ಮೇಲೆ ‘ಚಿಕ್ಕ’ ತಾನಾಗಿ ಉದುರಿತು. ಸೊಸೆಯನ್ನು ಹೊಗಳಿ ಅಭ್ಯಾಸವಿಲ್ಲದ ಆ ಹೆಂಗಸು ಬದುಕಿನಲ್ಲಿ ಒಂದೇ ಒಂದು ಸಲ, ಅದೂ ಮುಖ ಬೇರೆ ಕಡೆ ತಿರುಗಿಸಿಕೊಂಡು, ಇವಳ ಕೈಯಲ್ಲಿ ಮರಿ ನಿಲ್ಲುತ್ತದೆ ಎಂದಿದ್ದಳು. ಸೂಲಗಿತ್ತಿ ಆ ಮಾತನ್ನು ಬಂಗಾರದ ಹಾಗೆ ಕಟ್ಟಿಟ್ಟುಕೊಂಡಿದ್ದಳು.

ಹೆರಿಗೆ ಮನೆ ಎಂದರೆ ಉದ್ದನೆಯ ಓಣಿ, ಅದರ ಒಂದೇ ಮಗ್ಗುಲಿಗೆ ಆರು ಕೋಣೆ. ಒಂದೊಂದು ಕೋಣೆಯಲ್ಲಿ ಇಪ್ಪತ್ತು ಕಂಬಿಗೂಡು, ಒಂದೊಂದು ಗೂಡಿನಲ್ಲಿ ಒಂದು ತಾಯಿ. ತಾಯಿ ದೊಪ್ಪನೆ ಮಲಗಿದರೆ ಮರಿ ಅಪ್ಪಚ್ಚಿಯಾಗಬಾರದೆಂದು ಅಡ್ಡಕಂಬಿ, ಮರಿಗಳಿಗೆ ಮೂಲೆಯಲ್ಲಿ ಕೆಂಪು ದೀಪದ ಶಾಖ, ಗೂಡಿನ ನೆತ್ತಿಯ ಮೇಲೆ ಜೋತಾಡುವ ಒಂದು ರಟ್ಟಿನ ಕಾರ್ಡು. ಎಷ್ಟು ಹುಟ್ಟಿದವು, ಎಷ್ಟು ಸತ್ತವು, ಎಷ್ಟು ಪಕ್ಕದ ತಾಯಿಗೆ ಹೋದವು ಎಂದು ಅದರಲ್ಲಿ ಬರೆಯಬೇಕು. ಇಡೀ ಕೋಣೆಯ ಲೆಕ್ಕಕ್ಕೆ ಬಾಗಿಲಲ್ಲಿ ಇನ್ನೊಂದು ಕಾರ್ಡು. ಒಂದು ಕೋಣೆಯ ತಾಯಿಗಳೆಲ್ಲ ಒಂದೇ ವಾರದಲ್ಲಿ ಹೆರುತ್ತಿದ್ದವು. ನಾಲ್ಕನೇ ವಾರದ ಕೊನೆಗೆ ಮರಿಗಳನ್ನೆಲ್ಲ ಒಂದೇ ದಿನ ಹಾಲು ಬಿಡಿಸಿ ಬೆಳೆಸುವ ಶೆಡ್ಡಿಗೆ ಅಟ್ಟುವುದು. ಆಮೇಲೆ ಕೋಣೆಯನ್ನು ತೊಳೆದು, ಔಷಧಿ ಹೊಡೆದು, ಮೂರು ದಿನ ಒಣಗಿಸಿ, ಹೊಸ ಬಸುರಿಗಳನ್ನು ತುಂಬುವುದು. ಹೀಗೆ ಒಂದಾದ ಮೇಲೊಂದು, ವರ್ಷವಿಡೀ, ಗಾಣದ ಎತ್ತು ಸುತ್ತಿದ ಹಾಗೆ.

ತೊಳೆಯುವ ಕೆಲಸ ಆಕೆಯ ಗಂಡನದು. ಮೊಣಕಾಲುದ್ದ ಬೂಟು ತೊಟ್ಟು, ಒತ್ತಡದ ನೀರಿನ ಪೈಪನ್ನು ಸೊಂಟಕ್ಕೆ ಆನಿಸಿಕೊಂಡು ನಿಂತನೆಂದರೆ ಮಧ್ಯಾಹ್ನದವರೆಗೂ ಆ ಮಂಜಿನಲ್ಲಿ ಮನುಷ್ಯ ಕಾಣಿಸುತ್ತಿರಲಿಲ್ಲ. ಔಷಧಿ ತಾಗಿ ತಾಗಿ ಅವನ ಬೆರಳ ಸಂದಿಗಳು ಬಿರುಕು ಬಿಟ್ಟಿದ್ದವು. ಎಡಗಿವಿ ಆ ಸದ್ದಿಗೇ ಹೋಗಿತ್ತು. ನಿವೃತ್ತಿಗೆ ಇನ್ನೆರಡು ವರ್ಷ.

ಹುಟ್ಟಿದ ಮರಿಗಳನ್ನು ಹಂಚುವುದರಲ್ಲಿ ಸೂಲಗಿತ್ತಿಯನ್ನು ಮೀರಿಸುವವರಿರಲಿಲ್ಲ. ಹೆಚ್ಚು ಹೆತ್ತ ತಾಯಿಯ ಮರಿಯನ್ನು ಕಡಿಮೆ ಹೆತ್ತ ತಾಯಿಗೆ ಸೇರಿಸುವುದು ಎಲ್ಲರಿಗೂ ಗೊತ್ತಿರುವ ಕೆಲಸವೇ. ಆದರೆ ಹೊಸ ತಾಯಿ ಮೂಸಿ ನೋಡಿ ‘ಇದು ನನ್ನದಲ್ಲ’ ಎಂದು ಕಚ್ಚಲು ಬಂದರೆ ಮಾಡಿದ್ದೆಲ್ಲ ಮಣ್ಣುಪಾಲು. ಅತ್ತೆ ಕಲಿಸಿದ ಉಪಾಯವೆಂದರೆ, ಆ ತಾಯಿಯ ಸ್ವಂತ ಮರಿಗಳ ಮೈಯ ಲೋಳೆಯನ್ನೂ ಗೂಡಿನ ಒದ್ದೆಯನ್ನೂ ಬಟ್ಟೆಗೆ ಒರೆಸಿಕೊಂಡು ಪರದೇಶಿ ಮರಿಯ ಮೈಗೆ ಚೆನ್ನಾಗಿ ತಿಕ್ಕುವುದು. ಹತ್ತು ನಿಮಿಷದಲ್ಲಿ ಪರದೇಶಿ ಮನೆಮಗನಾಗಿ ಮೊಲೆಗೆ ಬಾಯಿ ಹಾಕಿರುತ್ತಿತ್ತು.

ಇದು ಮೊದಲ ದಿನದ ಮಾತಾಯಿತು. ನಾಲ್ಕು ವಾರ ಕಳೆದು ಎಲ್ಲ ಮರಿಗಳೂ ಹೊರಡುವ ದಿನ ನಾಲ್ಕೈದು ಬಡಕಲು ಉಳಿಯುತ್ತಿದ್ದವು; ಬೆನ್ನುಮೂಳೆ ಎದ್ದು ಕಾಣುವಂಥವು, ಕೂದಲು ಕೆದರಿದಂಥವು. ಅವಕ್ಕೆ ಹೆರಿಗೆ ಮನೆಯಲ್ಲಿ ‘ಫೇಲಾದವು’ ಎಂದು ಹೆಸರು. ಸೂಲಗಿತ್ತಿ ಅವುಗಳನ್ನು ಹಿಂದಿನ ಕ್ಲಾಸಿಗೆ ಕೂರಿಸುತ್ತಿದ್ದಳು. ಅಂದರೆ ಈಚೆಗೆ ಹೆತ್ತ ಕೋಣೆಯಲ್ಲಿ ಒಂದು ಸಾಧು ತಾಯಿಯನ್ನು ಹುಡುಕಿ, ಅದರ ಮರಿಗಳನ್ನು ಅಕ್ಕಪಕ್ಕಕ್ಕೆ ಹಂಚಿ, ಈ ಫೇಲಾದವುಗಳನ್ನು ಅದರ ಮೊಲೆಗೆ ಬಿಡುವುದು. ಇನ್ನೂ ಮೂರು ವಾರ ಹಾಲು ಕುಡಿದರೆ ಅರ್ಧಕ್ಕರ್ಧ ಚೇತರಿಸಿಕೊಳ್ಳುತ್ತಿದ್ದವು. ಮುಂಚಿನ ಮ್ಯಾನೇಜರು ಇದನ್ನು ನೋಡಿ ಬಂದ ಬಂದವರಿಗೆಲ್ಲ ಆಕೆಯನ್ನು ತೋರಿಸುತ್ತಿದ್ದ.

ಒಂದೂವರೆ ವರ್ಷದ ಹಿಂದೆ ಉಸಿರಿನ ರೋಗ ಬಂತು. ಮನುಷ್ಯರಿಗೆ ಅಂಟುವಂಥದಲ್ಲ, ಹಂದಿಗೆ ಮಾತ್ರ. ಬಸುರಿಗಳು ದಿನ ತುಂಬುವ ಮುಂಚೆಯೇ ಕಂದು ಹಾಕಿದವು. ಹುಟ್ಟಿದ ಮರಿಗಳು ಪಕ್ಕೆ ಒಳಗೆಳೆದು ಏದುಸಿರು ಬಿಟ್ಟವು. ಎರಡು ತಿಂಗಳಲ್ಲಿ ಸೂಲಗಿತ್ತಿ ಬಕೆಟ್ಟುಗಟ್ಟಲೆ ಸತ್ತ ಮರಿ ಹೊತ್ತಳು. ಆಗ ಪ್ರಯೋಗಾಲಯದಿಂದ ಒಬ್ಬ ಡಾಕ್ಟರಮ್ಮ ಬಂದಳು. ಸೂಲಗಿತ್ತಿಯ ಮಗಳ ವಯಸ್ಸು, ಮಾತು ಮೆತ್ತಗೆ, ಹಿಡಿದರೆ ಉಡದ ಹಿಡಿತ. ಲಸಿಕೆ ಹಾಕಿಸಿದಳು, ಬೂಟು ಬೇರೆ ಬೇರೆ ಮಾಡಿಸಿದಳು, ಒಳಗೆ ಬರುವವರೆಲ್ಲ ಸ್ನಾನ ಮಾಡಿ ಬಟ್ಟೆ ಬದಲಿಸಿ ಬರಬೇಕೆಂದಳು. ಕಡೆಗೆ ಒಂದು ನಿಯಮ ಬರೆದು ಓಣಿಯ ಗೋಡೆಗೆ ಅಂಟಿಸಿದಳು. ಮರಿಯನ್ನು ತಾಯಿ ಬದಲಿಸುವುದಿದ್ದರೆ ಹುಟ್ಟಿದ ಒಂದು ದಿನದೊಳಗೆ, ಅದೇ ಕೋಣೆಯಲ್ಲಿ ಮಾತ್ರ. ಹಾಲು ಬಿಡಿಸುವ ದಿನ ನಾಲ್ಕು ಕಿಲೋ ತೂಗದ ಮರಿಯನ್ನು ಮೇಸ್ತ್ರಿಗೆ ಒಪ್ಪಿಸಬೇಕು, ಅವನು ನೋವಾಗದಂತೆ ಮುಗಿಸುತ್ತಾನೆ. ಕೋಣೆಯಿಂದ ಕೋಣೆಗೆ ಒಂದು ಮರಿಯೂ ಹೋಗಕೂಡದು.

ಸೂಲಗಿತ್ತಿ ಅದನ್ನು ಎರಡು ಸಲ ಓದಿದಳು. ಆಗಲಿ ಎಂದು ತಲೆಯಾಡಿಸಿದಳು. ಆ ವಾರವೇ ಎರಡನೇ ಕೋಣೆಯಲ್ಲಿ ಉಳಿದ ಮೂರು ಫೇಲಾದವುಗಳನ್ನು ಬಕೆಟ್ಟಿಗಿಳಿಸಿ, ಮೇಲೆ ಗೋಣಿ ಮುಚ್ಚಿ, ಐದನೇ ಕೋಣೆಗೆ ಸಾಗಿಸಿದಳು. ಹಂದಿಯ ಹೊಟ್ಟೆಯೊಳಗೆ ಒಮ್ಮೆಯೂ ಕೈಹಾಕಿ ಮರಿ ಎಳೆಯದವಳು ತನಗೆ ಮರಿ ಸಾಕುವುದನ್ನು ಕಲಿಸುವುದೇ ಎಂಬ ಬಿಂಕ ಸ್ವಲ್ಪ. ಹಾಲು ಸಿಕ್ಕರೆ ಬದುಕುವ ಜೀವವನ್ನು ಮೇಸ್ತ್ರಿಯ ಕೈಗೆ ಕೊಟ್ಟರೆ ಇಪ್ಪತ್ತೇಳು ವರ್ಷ ಮಾಡಿದ್ದೇನು ಎಂಬ ಸಂಕಟ ಬಹಳ. ಎರಡನೇ ಕೋಣೆಯ ಕಾರ್ಡಿನಲ್ಲಿ ‘ಮೂರು ಸತ್ತವು’ ಎಂದು ಬರೆದಳು. ಕಾರ್ಡಿನಲ್ಲಿ ಸತ್ತವು ಐದನೇ ಕೋಣೆಯಲ್ಲಿ ಚಪ್ಪರಿಸಿ ಹಾಲು ಕುಡಿಯುತ್ತಿದ್ದವು. ಅಲ್ಲಿಂದ ಮುಂದೆ ಅದೇ ಆಕೆಯ ರೂಢಿಯಾಯಿತು.

ರೋಗ ತಗ್ಗಿತು, ಆದರೆ ಹೋಗಲಿಲ್ಲ. ಆರು ವಾರ ಸುಮ್ಮನಿದ್ದು ಒಂದು ಕೋಣೆಯಲ್ಲಿ ಕೆಮ್ಮುವುದು, ಮತ್ತೆ ಸುಮ್ಮನಾಗಿ ಇನ್ನೊಂದರಲ್ಲಿ ತಲೆಯೆತ್ತುವುದು. ಡಾಕ್ಟರಮ್ಮ ತಿಂಗಳಿಗೊಮ್ಮೆ ಬಂದು ಗೂಡುಗೂಡಿಗೂ ಹತ್ತಿಯ ಹಗ್ಗ ತೂಗುಹಾಕುತ್ತಿದ್ದಳು. ಹೊಸದೇನು ಕಂಡರೂ ಬಾಯಿ ಹಾಕುವ ಜಾತಿ. ತಾಯಿಯೂ ಮರಿಗಳೂ ಬಂದು ಹಗ್ಗವನ್ನು ಜಗಿಯುತ್ತಿದ್ದವು. ಅರ್ಧ ಗಂಟೆಯ ಮೇಲೆ ಆ ಜೊಲ್ಲನ್ನು ಚೀಲಕ್ಕೆ ಹಿಂಡಿ, ಚೀಲದ ಮೇಲೆ ಕೋಣೆಯ ಸಂಖ್ಯೆ ಬರೆದು ಒಯ್ಯುತ್ತಿದ್ದಳು. ಸೂಲಗಿತ್ತಿಯೇ ಹಗ್ಗ ಹಿಡಿದು ಸಹಾಯ ಮಾಡುತ್ತಿದ್ದಳು. ಇಷ್ಟು ಓದಿ ಕೊನೆಗೆ ಹಂದಿ ಜೊಲ್ಲು ಹಿಂಡುವುದೇ ಎಂದು ಒಮ್ಮೆ ಕೇಳಿದ್ದಕ್ಕೆ, ನಮ್ಮಮ್ಮನೂ ಹೀಗೇ ಬೈತಾರೆ ಎಂದು ಡಾಕ್ಟರಮ್ಮ ನಕ್ಕಿದ್ದಳು.

ಒಂದು ಮಧ್ಯಾಹ್ನ ಡಾಕ್ಟರಮ್ಮ ಎಲ್ಲರನ್ನೂ ಆಫೀಸಿಗೆ ಕರೆಸಿ ಮೇಜಿನ ಮೇಲೆ ಒಂದು ದೊಡ್ಡ ಹಾಳೆ ಹಾಸಿದಳು. ಮ್ಯಾನೇಜರು, ಮೇಸ್ತ್ರಿ, ಸೂಲಗಿತ್ತಿ, ಅವಳ ಗಂಡ ಸುತ್ತ ನಿಂತರು. ಹಾಳೆಯ ಮೇಲೆ ಒಂದು ವಂಶವೃಕ್ಷ. ಕೊಂಬೆಗಳ ತುದಿಯಲ್ಲಿ ಹೆಸರುಗಳ ಬದಲು ಕೋಣೆಗಳ ಸಂಖ್ಯೆ, ತಾರೀಖು. ವೈರಸ್ಸು ತನ್ನನ್ನು ತಾನೇ ನಕಲು ಮಾಡಿಕೊಂಡು ಹೆಚ್ಚುತ್ತದೆ, ನಕಲು ಮಾಡುವಾಗ ಅಲ್ಲೊಂದು ಇಲ್ಲೊಂದು ತಪ್ಪು ಮಾಡುತ್ತದೆ, ಅಪ್ಪ ಮಾಡಿದ ತಪ್ಪನ್ನು ಮಗ ಬಿಡದೆ ಹೊತ್ತುಕೊಂಡು ಹೋಗುತ್ತಾನೆ, ಆ ತಪ್ಪುಗಳನ್ನು ಹೋಲಿಸಿದರೆ ಯಾವುದು ಯಾವುದರ ಸಂತಾನ ಎಂದು ಹೇಳಬಹುದು ಎಂದು ವಿವರಿಸಿದಳು. ಮೇಸ್ತ್ರಿ ಕಣ್ಣು ಕಿರಿದು ಮಾಡಿಕೊಂಡು ನೋಡಿದ.

“ನಮ್ಮ ಮನೆಯವರ ವಂಶವೇ ಮೂರು ತಲೆ ಆಚೆಗೆ ನಂಗೊತ್ತಿಲ್ಲ. ಹಂದಿ ಕೆಮ್ಮಿಗೆ ಇಷ್ಟು ದೊಡ್ಡ ವಂಶಾನಾ,” ಎಂದ.

ಡಾಕ್ಟರಮ್ಮ ನಗಲಿಲ್ಲ. ಒಂದು ಕೊಂಬೆಯ ಮೇಲೆ ಬೆರಳಿಟ್ಟಳು. ರೋಗ ಹೊರಗಿನಿಂದ ಮತ್ತೆ ಮತ್ತೆ ಬರುತ್ತಿದೆ ಎಂದು ಇಷ್ಟು ದಿನ ಎಲ್ಲರೂ ಲಾರಿಗಳ ಮೇಲೆ ಅನುಮಾನಪಟ್ಟಿದ್ದರು. ಹಾಗಲ್ಲ, ಸುತ್ತಲ ಫಾರಮ್ಮುಗಳ ವೈರಸ್ಸಿನ ಕುಲವೇ ಬೇರೆ. ಇಲ್ಲಿಯದು ಒಂದೂವರೆ ವರ್ಷದ ಹಿಂದೆ ಒಳಗೆ ಬಂದದ್ದರ ಮೊಮ್ಮಕ್ಕಳು, ಮರಿಮಕ್ಕಳು. ಅದು ಹೊರಗೆ ಹೋಗಿಯೇ ಇಲ್ಲ. ಎರಡನೇ ಕೋಣೆಯದು ಕೋಣೆ ಖಾಲಿಯಾಗಿ ತೊಳೆದ ಹತ್ತು ದಿನಕ್ಕೆ ಐದನೆಯದರಲ್ಲಿ ಕಾಣಿಸಿದೆ, ನಾಲ್ಕನೆಯದು ಒಂದಕ್ಕೆ ಹೋಗಿದೆ. ಇನ್ನೂ ಕೆಟ್ಟದ್ದೆಂದರೆ, ಎರಡು ಬೇರೆ ಕೊಂಬೆಗಳು ಎಲ್ಲೋ ಒಂದೇ ಮರಿಯ ಮೈಯಲ್ಲಿ ಸೇರಿ, ಅರ್ಧ ಅದರದು ಅರ್ಧ ಇದರದು ಎಂಬ ಮೂರನೆಯದೊಂದು ಹುಟ್ಟಿದೆ. ಲಸಿಕೆಗೆ ಇದರ ಗುರುತು ಸರಿಯಾಗಿ ಹತ್ತುತ್ತಿಲ್ಲ.

“ಮಧ್ಯೆ ಗೋಡೆ ಇದೆ. ಗಾಳಿಯಲ್ಲಿ ಹೋಗಿದ್ರೆ ಪಕ್ಕದ ಕೋಣೆಗೆ ಮೊದಲು ಹೋಗ್ಬೇಕಿತ್ತು,” ಎಂದಳು ಡಾಕ್ಟರಮ್ಮ. “ಇದು ಪಕ್ಕದ್ದನ್ನ ಬಿಟ್ಟು ಹಾರಿದೆ. ಎಲ್ಲಿ ಉಳ್ಕೊಳ್ತಿದೆ, ಹೇಗೆ ಹೋಗ್ತಿದೆ, ಅದೊಂದೇ ನಂಗೆ ಸಿಗ್ತಿಲ್ಲ.”

ತೊಳೆದ ಕೋಣೆಯ ಗೋಡೆಯಿಂದ ಒರೆಸಿ ತೆಗೆದ ಹತ್ತಿಯಲ್ಲಿ ಏನಾದರೂ ಸಿಕ್ಕಿತೇ ಎಂದು ಮ್ಯಾನೇಜರು ಕೇಳಿದ. ಎರಡು ಕಡೆ ಸಿಕ್ಕಿತ್ತು. ಆದರೆ ಪರೀಕ್ಷೆಗೆ ಸತ್ತ ವೈರಸ್ಸಿನ ಚೂರೂ ಒಂದೇ, ಬದುಕಿದ್ದೂ ಒಂದೇ, ಅದನ್ನು ನೆಚ್ಚಿಕೊಂಡು ಏನೂ ಹೇಳಲಾಗದು ಎಂದು ಡಾಕ್ಟರಮ್ಮ ಎಚ್ಚರಿಸಿದಳು. ಮ್ಯಾನೇಜರಿಗೆ ಎಚ್ಚರಿಕೆ ಬೇಕಿರಲಿಲ್ಲ, ಉತ್ತರ ಬೇಕಿತ್ತು. ಒಡೆಯರು ವಾರಕ್ಕೆರಡು ಸಲ ಫೋನ್ ಮಾಡಿ ಅವನ ತಲೆ ತಿನ್ನುತ್ತಿದ್ದರು. ಅವನು ಸೂಲಗಿತ್ತಿಯ ಗಂಡನ ಕಡೆ ತಿರುಗಿದ. ಮುಂದಿನ ತಿಂಗಳಿಂದ ತೊಳೆಯುವುದನ್ನು ಗುತ್ತಿಗೆಯವರಿಗೆ ಕೊಡೋಣ ಎಂದ. ವಯಸ್ಸಾಯಿತು, ಮೂಲೆಮುಡುಕು ಕಣ್ಣಿಗೆ ಬೀಳುವುದಿಲ್ಲ, ತಪ್ಪು ತಿಳಿಯಬೇಡಿ ಎಂದ. ಗಂಡ ಬಿರಿದ ಬೆರಳುಗಳನ್ನು ಒಂದರಮೇಲೊಂದು ಇಟ್ಟುಕೊಂಡು ನಿಂತಿದ್ದ. ನಾನು ಚೆನ್ನಾಗಿಯೇ ತೊಳೆದಿದ್ದೇನೆ ಸಾರ್ ಎಂದಷ್ಟೇ ಹೇಳಿದ. ಸೂಲಗಿತ್ತಿ ಹಾಳೆಯನ್ನು ನೋಡುತ್ತಿದ್ದಳು. ಎರಡರಿಂದ ಐದಕ್ಕೆ, ನಾಲ್ಕರಿಂದ ಒಂದಕ್ಕೆ. ಆ ಗೆರೆಗಳನ್ನು ಯಾರೋ ಆಕೆಯ ಬೂಟಿನ ಹೆಜ್ಜೆ ಹಿಡಿದು ಎಳೆದ ಹಾಗಿತ್ತು.

ಕ್ವಾರ್ಟರ್ಸು ಎಂದರೆ ಎರಡು ಕೋಣೆ, ಒಂದು ಅಡುಗೆಯ ಮೂಲೆ. ಸಂಜೆ ಗಂಡ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು ಬೆರಳ ಸಂದಿಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದ. ಆಕೆ ಚಹಾ ತಂದಿಟ್ಟಳು. ಅಲ್ಲಿ ಯಾಕೆ ಸುಮ್ಮನಿದ್ದಿರಿ, ಇನ್ನೂ ನಾಲ್ಕು ಮಾತು ಹೇಳಬೇಕಿತ್ತು ಎಂದು ಶುರುಮಾಡಿದಳು. ಅವನು ಮುಲಾಮಿನ ಡಬ್ಬಿ ಮುಚ್ಚಿದ.

“ಏನಂತ ಹೇಳ್ಲಿ? ನನ್ನ ಹೆಂಡ್ತಿ ಬಕೆಟ್ ತಗೊಂಡು ಓಡಾಡ್ತಾಳೆ ಅಂತ್ಲಾ?”

ಆಕೆ ನೆಲದ ಮೇಲೆಯೇ ಕುಕ್ಕರಿಸಿದಳು. “ನಿಮಗೆ ಗೊತ್ತಿತ್ತಾ?”

“ಮೂವತ್ತು ವರ್ಷ ಸಂಸಾರ ಮಾಡಿದೀನಿ ಕಣೇ. ನೀನು ಬಕೆಟ್ ಮೇಲೆ ಗೋಣಿ ಮುಚ್ಕೊಂಡು ಹೋದ್ರೆ ಒಳಗೆ ನೀರಿದೆ ಅನ್ಕೊಳ್ತೀನಾ? ಒಂದು ದಿನ ಬಕೆಟ್ಟು ಕಿರ್ ಅಂತು. ನೀನು ಕೆಮ್ಮಿದೆ.” ಅವನ ಮುಖದಲ್ಲಿ ನಗು ಬಂದು, ಅರ್ಧದಲ್ಲೇ ನಿಂತಿತು. “ನನ್ನ ಎಡಗಿವಿ ಮಾತ್ರ ಹೋಗಿರೋದು.”

ಮತ್ತೆ ಅವನೇ ಮಾತಾಡಿದ. ತನ್ನದು ಹೇಗೂ ಮುಗಿಯುತ್ತ ಬಂದ ಕೆಲಸ, ಎರಡು ವರ್ಷ ಮುಂಚೆ ಹೋದರೇನಂತೆ. ಹೆರಿಗೆ ಮನೆಯಲ್ಲಿ ಆಕೆ ಇಲ್ಲದಿದ್ದರೆ ನಡೆಯದು. ಬಾಯಿ ಮುಚ್ಚಿಕೊಂಡಿರು ಎಂದ. ಹೇಳುವಾಗ ಕಿಟಕಿಯ ಕಡೆ ನೋಡುತ್ತಿದ್ದ. ಮೂವತ್ತು ವರ್ಷ ಅವನೂ ಒಂದು ಕೆಲಸವನ್ನು ಮೈಮುರಿದು ಮಾಡಿದವನು. ಕೊಳಕಾಗಿ ತೊಳೆದವನೆಂಬ ಹೆಸರು ಹೊತ್ತು ಗೇಟು ದಾಟುವುದು ಅವನಿಗೆ ಎಷ್ಟು ಕಹಿ ಎಂದು ಕಿಟಕಿಗೆ ಗೊತ್ತಾಗದಿರಬಹುದು, ಆಕೆಗೆ ಗೊತ್ತಾಗದೆ ಇರುತ್ತದೆಯೇ? ಆ ಚಹಾ ಯಾರೂ ಕುಡಿಯದೆ ಕೆನೆಗಟ್ಟಿತು.

ಮಾರನೆಯ ಬೆಳಗ್ಗೆ ಸ್ನಾನದ ಕೋಣೆಯ ಆಚೆ ಬಟ್ಟೆ ಬದಲಿಸುವಲ್ಲಿ ಡಾಕ್ಟರಮ್ಮ ಒಬ್ಬಳೇ ಸಿಕ್ಕಳು. ಸೂಲಗಿತ್ತಿ ಒದ್ದೆ ತಲೆಗೆ ಟವೆಲು ಸುತ್ತಿಕೊಂಡೇ ಹೇಳಿಬಿಟ್ಟಳು. ಅಡ್ಡಮಾತು, ಅಳು ಏನೂ ಇರಲಿಲ್ಲ. ನೀರು ಎಲ್ಲಿ ಸೋರುತ್ತಿದೆ ಎಂದು ತೋರಿಸುವವರ ಹಾಗೆ ಹೇಳಿದಳು. ಡಾಕ್ಟರಮ್ಮ ಬೆಂಚಿನ ಮೇಲೆ ಹಾಳೆ ಬಿಡಿಸಿ, ಯಾವಾಗ, ಎಲ್ಲಿಂದ ಎಲ್ಲಿಗೆ ಎಂದು ಕೇಳಿದಳು. ಬರೆದಿಟ್ಟುಕೊಂಡಿಲ್ಲವಲ್ಲ ಎಂದು ಡಾಕ್ಟರಮ್ಮನೇ ಪೇಚಾಡಿದಳು. ಆದರೆ ಸೂಲಗಿತ್ತಿಗೆ ಬರಹ ಯಾತಕ್ಕೆ ಬೇಕು? ಎರಡನೇ ಕೋಣೆಯಿಂದ ಮೂರು, ಒಂದರ ಕಿವಿ ಹರಿದಿತ್ತು, ಐದರಲ್ಲಿ ಬಾಗಿಲಿಂದ ನಾಲ್ಕನೇ ಗೂಡಿಗೆ. ನಾಲ್ಕನೇ ಕೋಣೆಯಿಂದ ಐದು ಮರಿ, ಒಂದನೇ ಕೋಣೆಗೆ, ಕರಿ ಮಚ್ಚೆಯ ತಾಯಿಗೆ. ಹೀಗೆ ಬಕೆಟ್ಟಿನ ಇಪ್ಪತ್ತಮೂರು ಪಯಣವನ್ನೂ ಒಂದೊಂದಾಗಿ ಒಪ್ಪಿಸಿದಳು. ಡಾಕ್ಟರಮ್ಮ ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತಾ ಹೋದಳು. ಎರಡು ಮೂರು ಬಿಟ್ಟರೆ ಉಳಿದೆಲ್ಲ ಕೊಂಬೆ ಕವಲೊಡೆದ ಜಾಗಕ್ಕೇ ಬಂದು ಕೂತವು. ಮೂರನೆಯ ಕುಲ ಹುಟ್ಟಿದ್ದು ಕರಿ ಮಚ್ಚೆಯ ತಾಯಿಯ ಗೂಡಿನಲ್ಲಿ. ಎರಡು ಕೋಣೆಗಳ ಫೇಲಾದವು ಒಂದೇ ಮೊಲೆಗೆ ಜೋತುಬಿದ್ದಿದ್ದ ಗೂಡು ಅದು.

ತಿಂಗಳುಗಟ್ಟಲೆ ಬಿಡಿಸಲಾಗದ ಗಂಟು ಬಿಡಿಸಿಕೊಂಡ ಖುಷಿ ಡಾಕ್ಟರಮ್ಮನ ಮುಖದ ಮೇಲೆ ಒಂದು ಗಳಿಗೆ ಹಾದುಹೋಯಿತು. ಆಮೇಲೆ ಎದುರಿಗೆ ಕೂತವಳನ್ನು ನೋಡಿ ಪೆನ್ನು ಕೆಳಗಿಟ್ಟಳು.

“ಹಾಲು ಸಾಲ್ದೆ ಬಡಕಲಾದ್ವು ಅಂತ ಕಣಮ್ಮ ನಾನು ತಗೊಂಡು ಹೋಗ್ತಿದ್ದಿದ್ದು,” ಎಂದಳು ಸೂಲಗಿತ್ತಿ.

“ಕೆಲವು ಹಾಗೇ ಇರ್ಬಹುದು ಅಮ್ಮ.” ಡಾಕ್ಟರಮ್ಮ ತಡೆದು ಹೇಳಿದಳು. “ತುಂಬಾ ಮರಿಗಳು ಬಡಕಲಾಗಿದ್ದೇ ರೋಗದಿಂದ. ಚೇತರಿಸ್ಕೊಂಡ್ವು ಅಂತ ನಿಮಗೆ ಕಾಣ್ತಿತ್ತು. ಮೈಯೊಳಗೆ ಅದು ತಿಂಗಳುಗಟ್ಟಲೆ ಇದ್ದೇ ಇರುತ್ತೆ.”

ಸೂಲಗಿತ್ತಿ ಟವೆಲು ಬಿಚ್ಚಿ ಮಡಿಚಿದಳು. ಮತ್ತೆ ಬಿಚ್ಚಿ ಮತ್ತೆ ಮಡಿಚಿದಳು. ಒಂದೂವರೆ ವರ್ಷದಲ್ಲಿ ಆಕೆ ಉಳಿಸಿದ ಮರಿಗಳು ಮೂವತ್ತೋ ನಲವತ್ತೋ. ಅವು ಮೊಲೆಗೆ ಬಾಯಿ ಹಾಕಿದ ಕೋಣೆಗಳಲ್ಲಿ ಸತ್ತವು ಎಷ್ಟು ಎಂದು ಬೇರೆ ಯಾರೂ ಕೂಡಿಸಬೇಕಾಗಿರಲಿಲ್ಲ. ಹೊತ್ತು ಹಾಕಿದವಳು ಆಕೆಯೇ.

ಇದನ್ನು ಕೇಳಿ ಮ್ಯಾನೇಜರು ರೇಗಾಡುತ್ತಾನೆಂದು ಆಕೆ ಮೈ ಗಟ್ಟಿಮಾಡಿಕೊಂಡಿದ್ದಳು. ಅವನು ರೇಗಲಿಲ್ಲ. ಎರಡೂ ಕೈಯಿಂದ ಮುಖ ಉಜ್ಜಿಕೊಂಡ. ಆಕೆಯನ್ನು ಕಳಿಸಿದರೆ ಮುಂದಿನ ವಾರ ಹೆರುವ ಇಪ್ಪತ್ತು ಹಂದಿಗಳನ್ನು ನೋಡುವವರು ಯಾರು ಎಂಬ ಯೋಚನೆಯೂ ಅದರಲ್ಲಿ ಇದ್ದಿರಬೇಕು. ಗುತ್ತಿಗೆಯವರ ಮಾತು ಕೈಬಿಟ್ಟ. ಗಂಡನನ್ನು ಕರೆಸಿ, ಎಲ್ಲರೆದುರಿಗೆ ಅಂದದ್ದನ್ನು ಎಲ್ಲರೆದುರಿಗೇ ವಾಪಸು ತೆಗೆದುಕೊಂಡ. ಅಷ್ಟು ದೊಡ್ಡತನ ಅವನಲ್ಲಿತ್ತು. ಆಮೇಲೆ ಸೂಲಗಿತ್ತಿಗೆ, ಇನ್ನು ಮುಂದೆ ಹಾಲು ಬಿಡಿಸುವ ದಿನದ ತೂಕ ನಿಮ್ಮದೇ ಕೆಲಸ ಎಂದ. ಮೇಸ್ತ್ರಿ ತೂಗುವುದಿಲ್ಲ, ನೀವು ತೂಗಿ ನೀವೇ ಬೇರೆ ಮಾಡಿ ಕೊಡಬೇಕು. ಅದು ಶಿಕ್ಷೆಯೋ ನಂಬಿಕೆಯೋ ಅವನು ಹೇಳಲಿಲ್ಲ, ಆಕೆ ಕೇಳಲಿಲ್ಲ. ಐದನೇ ಕೋಣೆಯಲ್ಲಿ ಆಗಲೇ ಅಡಗಿಸಿಟ್ಟಿದ್ದ ಎರಡನ್ನು ಅಂದೇ ತಾನಾಗಿ ತಂದೊಪ್ಪಿಸಿದಳು.

ಒಂಬತ್ತನೇ ದಿನ ಮೂರನೇ ಕೋಣೆಯ ಸರದಿ ಬಂತು. ತಕ್ಕಡಿಯ ಬುಟ್ಟಿಯಲ್ಲಿ ಒಂದೊಂದಾಗಿ ಇಟ್ಟು ತೂಗಿದಳು. ಆರು ಕಿಲೋ, ಏಳು, ಆರೂವರೆ. ಗುಂಡಗಿನ ಮರಿಗಳು ಕೂಗುತ್ತಾ ಓಣಿಯುದ್ದಕ್ಕೂ ಶೆಡ್ಡಿನ ಕಡೆ ಓಡಿದವು. ಕಡೆಗೆ ನಾಲ್ಕು ಉಳಿದವು. ಮೂರರ ಮೇಲೆ ಅನುಮಾನವೇ ಇರಲಿಲ್ಲ. ನಾಲ್ಕನೆಯದು ಮೂರು ಕಿಲೋ ಒಂಬೈನೂರು ತೋರಿಸಿತು. ತೆಗೆದು ಮತ್ತೆ ಇಟ್ಟಳು. ಒಂಬೈನೂರೇ. ಕಣ್ಣು ಚುರುಕಾಗಿತ್ತು, ಮೂಗಿನ ತುದಿ ಒದ್ದೆಯಾಗಿ ತಣ್ಣಗಿತ್ತು. ಆಕೆಯ ಬೆರಳನ್ನು ಹಿಡಿದು ಚೀಪಿತು. ನೂರು ಗ್ರಾಮು ಎಂದರೆ ಎರಡು ದಿನದ ಹಾಲೂ ಅಲ್ಲ. ಮೇಸ್ತ್ರಿ ಬಾಗಿಲಲ್ಲಿ ನಿಂತು ಬೇರೆ ಕಡೆ ನೋಡುತ್ತಿದ್ದ. ಬೇಕಾದರೆ ಆ ಮುಳ್ಳನ್ನು ಕಂಡೂ ಕಾಣದ ಹಾಗೆ ಇರಲು ಅವನು ತಯಾರಿದ್ದನೆಂದು ಆಕೆಗೆ ಅನಿಸಿತು. ಆಕೆ ನಾಲ್ಕನ್ನೂ ಅವನ ಗಾಡಿಗೆ ಎತ್ತಿಟ್ಟಳು. ಕಾರ್ಡು ತೆಗೆದು ‘ನಾಲ್ಕು ಸತ್ತವು’ ಎಂದು ಬರೆದಳು. ಅಕ್ಷರ ಎಂದಿಗಿಂತ ದಪ್ಪವಾಯಿತು.

ಹೊರಗೆ ಓಣಿಯಲ್ಲಿ ಗಂಡ ಪೈಪು ಬಿಚ್ಚಿಕೊಂಡು ಕಾದಿದ್ದ. ಆಕೆ ಅವನ ಬಲಗಿವಿಯ ಕಡೆಗೆ ಹೋಗಿ ನಿಂತು, ಮೂರನೆಯದು ಖಾಲಿಯಾಯಿತು ಎಂದಳು.

“ಪೂರ್ತಿನಾ?” ಎಂದು ಅವನು ಕೇಳಿದ. ಇಷ್ಟು ವರ್ಷದಲ್ಲಿ ಹಾಗೆ ಕೇಳಿದ್ದು ಇದೇ ಮೊದಲು.

“ಪೂರ್ತಿ.”

ಅವನು ಆಕೆಯ ಮುಖ ನೋಡಿದ. ಆಮೇಲೆ ಕೈಗವಸು ಏರಿಸಿಕೊಂಡ. ಆಕೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅವನು ಒಳಗೆ ಹೋಗಿ ಮೋಟಾರು ಹಾಕಿದ ಮೇಲೂ ಸ್ವಲ್ಪ ಹೊತ್ತು ಗೋಡೆಗೆ ಒರಗಿ, ನೀರು ಕಂಬಿಗಳ ಮೇಲೆ ಬೀಳುವ ಸದ್ದು ಕೇಳುತ್ತ ನಿಂತಿದ್ದಳು. ಆಮೇಲೆ ಸೊಂಟ ಹಿಡಿದುಕೊಂಡು ಆರನೇ ಕೋಣೆಗೆ ನಡೆದಳು. ಅಲ್ಲಿ ಒಂದು ಹಂದಿ ಆಗಲೇ ನೋವು ತಿನ್ನಲು ಶುರುಮಾಡಿತ್ತು.